ಕಳ್ಳ ಸಿಕ್ಕ ಮೇಲೆ ಏನು?

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳೆಯರು ಸೇರಿದಾಗಲೆಲ್ಲ ಒಂದೇ ಜಗಳ. ಟೀವಿಯಲ್ಲಿ ಬಂದ ಕ್ರೈಂ ಸರಣಿಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು? ನನ್ನ ವೋಟು 'ಬ್ರೇಕಿಂಗ್ ಬ್ಯಾಡ್'ಗೆ. ಒಬ್ಬ 'ದಿ ಸೊಪ್ರಾನೋಸ್' ಅಂತಾನೆ. ಇನ್ನಿಬ್ಬರು 'ದಿ ವೈರ್' ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನಾನು 'ವೈರ್' ಎರಡು ಸಲ ಶುರು ಮಾಡಿದೆ, ಎರಡು ಸಲವೂ ಮೂರನೇ ಕಂತಿಗೆ ಬಿಟ್ಟೆ. ಯಾರು ಯಾರ ಕಡೆಯವರು ಅಂತಲೇ ತಿಳಿಯಲಿಲ್ಲ. ಅದಕ್ಕೆ ಒಂದೂ ಎಮ್ಮಿ ಪ್ರಶಸ್ತಿ ಬಂದಿಲ್ಲವಂತೆ. ಮತ್ತೆ ಇಷ್ಟೊಂದು ಹೊಗಳಿಕೆ ಯಾಕೆ? ತಪ್ಪು ನನ್ನದಾ, ಸರಣಿಯದಾ?

ಉತ್ತರ: ಮೊದಲು ಎಮ್ಮಿ ವಿಷಯ ಮುಗಿಸಿಬಿಡೋಣ. ನೀವು ಕೇಳಿದ್ದು ನಿಜ. 'ದಿ ವೈರ್' 2002ರಿಂದ 2008ರವರೆಗೆ ಐದು ಸೀಸನ್, 60 ಕಂತು ಬಂತು. ಅದಕ್ಕೆ ಸಿಕ್ಕಿದ್ದು ಎರಡೇ ನಾಮನಿರ್ದೇಶನ, ಎರಡೂ ಬರವಣಿಗೆಗೆ. ಗೆದ್ದಿದ್ದು ಸೊನ್ನೆ. ಅತ್ತ 'ಬ್ರೇಕಿಂಗ್ ಬ್ಯಾಡ್'ನ ಬ್ರಯಾನ್ ಕ್ರ್ಯಾನ್‌ಸ್ಟನ್ ಒಬ್ಬರೇ ನಾಲ್ಕು ಸಲ ಉತ್ತಮ ನಟ ಅನ್ನಿಸಿಕೊಂಡರು. ಸರಿ, ಆದರೆ ಅದೇ ಮನೆಯಿಂದ ಬಂದ 'ಬೆಟರ್ ಕಾಲ್ ಸಾಲ್' ನೋಡಿ. 53 ನಾಮನಿರ್ದೇಶನ, ಒಂದೂ ಗೆಲುವಿಲ್ಲ. ಅದನ್ನು ಸಾಧಾರಣ ಸರಣಿ ಅನ್ನುವವರನ್ನು ನಾನಿನ್ನೂ ಕಂಡಿಲ್ಲ. ಹಾಗಾಗಿ ಈ ತಕ್ಕಡಿಯನ್ನು ಪಕ್ಕಕ್ಕಿಡೋಣ.

ಇನ್ನೊಂದು ಮಾತು. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲು ನನ್ನಿಂದಾಗದು. ನೀವು ನೋಡದ ಸರಣಿಯ ಹೆಸರು ಬಂದರೆ ಆ ಪ್ಯಾರಾ ಹಾರಿಸಿಬಿಡಿ. 'ವೈರ್' ಬಗ್ಗೆ ಮಾತ್ರ ಓದಿದರೂ ನಷ್ಟವಿಲ್ಲ. ಅದರಲ್ಲಿ ಏನಾಗುತ್ತದೆ ಅನ್ನುವುದಕ್ಕಿಂತ ಹೇಗೆ ಆಗುತ್ತದೆ ಅನ್ನುವುದೇ ಜಾಸ್ತಿ.

ಯಾವ ಅಳತೆಗೋಲು ಹಿಡಿಯೋಣ? ನಟನೆ, ಕ್ಯಾಮೆರಾ, ಸಂಭಾಷಣೆ ಅಂತ ಒಂದೊಂದಕ್ಕೂ ಅಂಕ ಕೊಡುತ್ತಾ ಹೋದರೆ ಜಗಳ ಮುಗಿಯುವುದಿಲ್ಲ. ಈ ಮೂರೂ ಆ ವಿಷಯಗಳಲ್ಲಿ ಪಾಸಾಗಿ ಎಷ್ಟೋ ಕಾಲವಾಯಿತು. ನಾನು ನೋಡುವುದು ಬೇರೆ. ಅಪರಾಧದ ಕಥೆ ನೋಡುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ಕೆಟ್ಟದ್ದು ನಡೆದಿದೆ, ಮಾಡಿದವನನ್ನು ಹಿಡಿಯೋಣ, ಹಿಡಿದ ಮೇಲೆ ಎಲ್ಲ ಸರಿಹೋಗುತ್ತದೆ. ಹಳೆಯ ಪತ್ತೇದಾರಿ ಸರಣಿ 'ಕೊಲಂಬೊ', ಕೊಲೆಗಾರ ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಿತ್ತು. ಅವನು ಸಿಕ್ಕಿಬೀಳುವುದು ಹೇಗೆ ಅನ್ನುವುದೇ ಅಲ್ಲಿ ಮಜಾ. ಆಟ ಬೇರೆ, ಕೊಟ್ಟ ಮಾತು ಅದೇ. ಕಂತು ಮುಗಿಯುವಾಗ ಕಳ್ಳ ಒಳಗೆ, ನಾವು ನೆಮ್ಮದಿಯಾಗಿ ಹಾಸಿಗೆಗೆ. 1999ರಿಂದ ಈಚೆ ಬಂದ ದೊಡ್ಡ ಸರಣಿಗಳೆಲ್ಲ ಈ ಮಾತಿನ ಜೊತೆ ಏನೋ ಒಂದು ಚೇಷ್ಟೆ ಮಾಡಿವೆ. ಕಳ್ಳ ಸಿಕ್ಕ ಮೇಲೆ ಏನು? ಈ ಪ್ರಶ್ನೆಗೆ ಯಾವ ಸರಣಿ ಏನು ಹೇಳುತ್ತದೆ ಅನ್ನುವುದೇ ನನ್ನ ಅಳತೆಗೋಲು.

ನಿಮ್ಮ ವೋಟಿನಿಂದಲೇ ಶುರು ಮಾಡೋಣ. 'ಬ್ರೇಕಿಂಗ್ ಬ್ಯಾಡ್' 2008ರಿಂದ 2013ರವರೆಗೆ ಬಂದ 62 ಕಂತಿನ ಸರಣಿ. ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್‌ಗೆ ಐವತ್ತು ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ಒಂದಿಷ್ಟು ದುಡ್ಡು ಬಿಟ್ಟು ಹೋಗಬೇಕು ಅಂತ ಮೆತ್ ಅನ್ನುವ ಡ್ರಗ್ಸ್ ತಯಾರಿಸಲು ಇಳಿಯುತ್ತಾನೆ. ನನ್ನ ಪ್ರಕಾರ ಇಡೀ ಸರಣಿಯ ಬೀಗದಕೈ ಇರುವುದು ಮೊದಲ ಸೀಸನ್ನಿನ ಐದನೇ ಕಂತಿನಲ್ಲಿ. ಹಳೆಯ ಗೆಳೆಯರು ಚಿಕಿತ್ಸೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಅವನು ಬೇಡ ಅನ್ನುತ್ತಾನೆ. ಅಲ್ಲಿಗೆ 'ಮನೆಯವರಿಗೋಸ್ಕರ' ಅನ್ನುವ ನೆಪ ಬಿದ್ದುಹೋಯಿತು, ಅಲ್ವಾ? ಉಳಿದ 57 ಕಂತು ಅದು ಬರೀ ನೆಪ ಅಂತ ಅವನು ಬಾಯಿಬಿಟ್ಟು ಒಪ್ಪಿಕೊಳ್ಳಲು ತೆಗೆದುಕೊಂಡ ಸಮಯ. ಒಪ್ಪಿಕೊಳ್ಳುವುದು ಕೊನೆಯ ಕಂತಿನಲ್ಲಿ, ಹೆಂಡತಿ ಸ್ಕೈಲರ್ ಎದುರು. ನನಗೋಸ್ಕರ ಮಾಡಿದೆ, ನನಗೆ ಇಷ್ಟವಾಗಿತ್ತು ಅಂತ.

ಕಥೆ ಹೆಣೆಯುವ ಕಸುಬಿನಲ್ಲಿ ಇದನ್ನು ಮೀರಿಸಿದ ಸರಣಿ ಇಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಐದನೇ ಸೀಸನ್ನಿನ ಶುರುವಿನಲ್ಲೇ ಕಾರಿನ ಡಿಕ್ಕಿಯಲ್ಲಿ ಒಂದು ಮೆಷಿನ್ ಗನ್ ಕಾಣಿಸುತ್ತದೆ, ನೆನಪಿದೆಯಾ? ಅದನ್ನು ಅಲ್ಲಿಟ್ಟಾಗ ಅದು ಯಾರ ಮೇಲೆ ಹಾರುತ್ತದೆ ಅಂತ ಬರೆಯುವವರಿಗೇ ಗೊತ್ತಿರಲಿಲ್ಲ. ಸರಣಿಯ ಜನಕ ವಿನ್ಸ್ ಗಿಲಿಗನ್ ಆಮೇಲೆ ಇದನ್ನು ಹೇಳಿಕೊಂಡಿದ್ದಾರೆ. ತಮ್ಮನ್ನು ತಾವೇ ಮೂಲೆಗೆ ತಳ್ಳಿಕೊಳ್ಳುವುದು, ಆಮೇಲೆ ಹೊರಬರುವ ದಾರಿ ಹುಡುಕುವುದು. ಇದು ಅವರ ಪದ್ಧತಿ. ಜೆಸ್ಸಿ ಪಿಂಕ್‌ಮನ್ ಮೊದಲ ಸೀಸನ್ನಿಗೇ ಸಾಯಬೇಕಿದ್ದ ಪಾತ್ರ. ಆರನ್ ಪಾಲ್ ನಟನೆ ನೋಡಿ ಉಳಿಸಿಕೊಂಡರು. ಅವನಿಲ್ಲದ ಈ ಸರಣಿಯನ್ನು ಊಹಿಸಿಕೊಳ್ಳಿ, ನೋಡೋಣ!

ನನ್ನ ತಕರಾರು ಇರುವುದು ಕೊನೆಯ ಬಗ್ಗೆ. ಕೊನೆಯಿಂದ ಮೂರನೆಯದು 'ಒಜಿಮ್ಯಾಂಡಿಯಸ್'. ಅದರಲ್ಲಿ ವಾಲ್ಟರ್ ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ಕುಸಿಯುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ವೋಟೂ ನಿಮ್ಮದರ ಜೊತೆ ಬೀಳುತ್ತಿತ್ತೋ ಏನೋ. ಆದರೆ ಇನ್ನೆರಡು ಕಂತು ಇದೆ. ಮಗನಿಗೆ ದುಡ್ಡು ತಲುಪುವ ಏರ್ಪಾಡಾಗುತ್ತದೆ. ಶತ್ರುಗಳೆಲ್ಲ ಒಂದೇ ಏಟಿಗೆ ಮುಗಿಯುತ್ತಾರೆ. ಜೆಸ್ಸಿಗೆ ಬಿಡುಗಡೆ. ಪೊಲೀಸರು ಒಳಗೆ ಬರುವ ಹೊತ್ತಿಗೆ ವಾಲ್ಟರ್ ತನ್ನ ಇಷ್ಟದ ಲ್ಯಾಬಿನಲ್ಲಿ ಸತ್ತು ಮಲಗಿದ್ದಾನೆ. ಸಾಲ ಎಲ್ಲ ಚುಕ್ತಾ. ನೋಡಿದವರಿಗೆ ತೃಪ್ತಿ. ಆ ತೃಪ್ತಿಯೇ ನನಗೆ ಕಿರಿಕಿರಿ. ಇಷ್ಟೆಲ್ಲ ಹಾಳು ಮಾಡಿದವನಿಗೆ ತನ್ನ ಸಾವಿನ ಸ್ಕ್ರಿಪ್ಟು ತಾನೇ ಬರೆದುಕೊಳ್ಳುವ ಭಾಗ್ಯ ಯಾಕೆ? ಈ ಲೆಕ್ಕದಲ್ಲಿ 'ಬೆಟರ್ ಕಾಲ್ ಸಾಲ್' ಒಂದು ಹೆಜ್ಜೆ ಮುಂದೆ. ಸಿಕ್ಕಿಬಿದ್ದ ವಕೀಲ ತನ್ನ ಮಾತಿನ ಚಮತ್ಕಾರದಿಂದ ಶಿಕ್ಷೆಯನ್ನು ಏಳೆಂಟು ವರ್ಷಕ್ಕೆ ಇಳಿಸಿಕೊಂಡಿರುತ್ತಾನೆ. ಆಮೇಲೆ ಕೋರ್ಟಿನಲ್ಲಿ ಎದ್ದು ನಿಂತು ನಿಜ ಹೇಳುತ್ತಾನೆ. ಬೀಳುವುದು 86 ವರ್ಷ. ಕಳ್ಳ ಸಿಕ್ಕ ಮೇಲೆ ಏನು ಅನ್ನುವುದಕ್ಕೆ ಅದೂ ಒಂದು ಉತ್ತರ.

ಇನ್ನು 'ದಿ ಸೊಪ್ರಾನೋಸ್'. 1999ರಿಂದ 2007, ಒಟ್ಟು 86 ಕಂತು. ಇಲ್ಲೂ ಬೀಗದಕೈ ಇರುವುದು ಐದನೇ ಕಂತಿನಲ್ಲೇ! ಮಾಫಿಯಾ ನಾಯಕ ಟೋನಿ ಮಗಳನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋಗಿದ್ದಾನೆ. ದಾರಿಯಲ್ಲಿ ಒಬ್ಬ ಹಳೆಯ ಸಹಚರ ಕಣ್ಣಿಗೆ ಬೀಳುತ್ತಾನೆ. ಸರ್ಕಾರಕ್ಕೆ ಮಾಫಿ ಸಾಕ್ಷಿಯಾಗಿ, ಹೆಸರು ಬದಲಿಸಿಕೊಂಡು ಬದುಕುತ್ತಿರುವವನು. ಎರಡು ಕಾಲೇಜು ಭೇಟಿಗಳ ನಡುವೆ ಟೋನಿ ಅವನ ಕತ್ತು ಬಿಗಿದು ಕೊಲ್ಲುತ್ತಾನೆ, ವಾಪಸ್ ಬಂದು ಮಗಳನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾನೆ. ಹೀಗೆ ಮಾಡಿದರೆ ನೋಡುಗರು ನಾಯಕನನ್ನು ದ್ವೇಷಿಸುತ್ತಾರೆ ಅಂತ ಎಚ್‌ಬಿಒ ಚಾನೆಲ್ಲಿನ ಮೇಲಧಿಕಾರಿಗಳಿಗೆ ಭಯ. ಸರಣಿಯ ಜನಕ ಡೇವಿಡ್ ಚೇಸ್ ಒಪ್ಪಲಿಲ್ಲ. ಬಾಯಿಬಿಟ್ಟವನನ್ನು ಸುಮ್ನೆ ಬಿಟ್ಟರೆ ಇವನೆಂಥ ಮಾಫಿಯಾ ನಾಯಕ ಅನ್ನುವುದು ಅವರ ವಾದ. ಆಮೇಲೆ ಬಂದ ಕೆಟ್ಟ ನಾಯಕರೆಲ್ಲ, ನಿಮ್ಮ ವಾಲ್ಟರ್ ಸಮೇತ, ಆ ಒಂದು ಕಂತಿಗೆ ಋಣಿ.

ಆದರೆ ನನ್ನನ್ನು ಕಾಡುವುದು ಟೋನಿಗಿಂತ ಜಾಸ್ತಿ ಅವನ ಮನೋವೈದ್ಯೆ ಜೆನಿಫರ್ ಮೆಲ್ಫಿ. ಮೂರನೇ ಸೀಸನ್ನಿನಲ್ಲಿ ಆಕೆಯ ಮೇಲೆ ಅತ್ಯಾಚಾರ ನಡೆಯುತ್ತದೆ. ಮಾಡಿದವನು ಸಿಕ್ಕಿಬೀಳುತ್ತಾನೆ. ಸಾಕ್ಷ್ಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಆದ ಒಂದು ಎಡವಟ್ಟಿನಿಂದ ಹೊರಗೂ ಬರುತ್ತಾನೆ. ಕಳ್ಳ ಸಿಕ್ಕ, ಏನೂ ಆಗಲಿಲ್ಲ. ಈಗ ಆಕೆಯ ಎದುರಿನ ಕುರ್ಚಿಯಲ್ಲಿ ಟೋನಿ ಕೂತಿದ್ದಾನೆ. ಒಂದು ಮಾತು ಹೇಳಿದರೆ ಸಾಕು, ಆ ಮನುಷ್ಯ ನಾಳೆ ಬೆಳಗ್ಗೆ ಇರುವುದಿಲ್ಲ. ಟೀವಿ ಮುಂದೆ ಕೂತ ನಾವೆಲ್ಲ ಹೇಳು, ಹೇಳು ಅಂತ ಮನಸ್ಸಿನಲ್ಲೇ ಕೂಗುತ್ತಿರುತ್ತೇವೆ. ಏನಾದರೂ ಹೇಳಬೇಕಾ ಅಂತ ಅವನು ಕೇಳುತ್ತಾನೆ. ಆಕೆ 'ಇಲ್ಲ' ಅನ್ನುತ್ತಾಳೆ. ಕಂತು ಮುಗಿಯಿತು. ನಮ್ಮೊಳಗಿನ ರಕ್ತದ ಆಸೆಯನ್ನು ಇಷ್ಟು ಚೆನ್ನಾಗಿ ಎಬ್ಬಿಸಿ, ಆಮೇಲೆ ಅದಕ್ಕೆ ಊಟ ಹಾಕದೆ ಕಳಿಸಿದ ದೃಶ್ಯ ಇನ್ನೊಂದಿಲ್ಲ.

2007ರ ಜೂನ್ 10ರಂದು ಬಂದ ಕೊನೆಯ ದೃಶ್ಯವೂ ಇದೇ ಜಾತಿಯದು. ಟೋನಿ ಹೆಂಡತಿ, ಮಗನ ಜೊತೆ ಹೋಟೆಲಿನಲ್ಲಿ ಕೂತಿದ್ದಾನೆ, ಮಗಳು ಹೊರಗೆ ಕಾರು ನಿಲ್ಲಿಸಲು ಒದ್ದಾಡುತ್ತಿದ್ದಾಳೆ. ಬಾಗಿಲ ಗಂಟೆ ಕೇಳುತ್ತದೆ, ಅವನು ತಲೆ ಎತ್ತುತ್ತಾನೆ, ಪರದೆ ಕಪ್ಪು. ಕೇಬಲ್ ಹೋಯಿತು ಅಂತ ಎಷ್ಟೋ ಜನ ಎದ್ದು ನೋಡಿದರಂತೆ. ಅವನು ಸತ್ತನಾ, ಬದುಕಿದನಾ ಅನ್ನುವ ಚರ್ಚೆ ಇವತ್ತಿಗೂ ನಿಂತಿಲ್ಲ. ನನಗೆ ಆ ಚರ್ಚೆಯಲ್ಲಿ ಆಸಕ್ತಿ ಕಡಿಮೆ. ಶಿಕ್ಷೆ ಆಗಲಿ ಅಂತ ಕಾದವರಿಗೂ, ತಪ್ಪಿಸಿಕೊಳ್ಳಲಿ ಅಂತ ಹಾರೈಸಿದವರಿಗೂ ಚೇಸ್ ಒಂದೇ ಉತ್ತರ ಕೊಟ್ಟರು. ಏನೂ ಕೊಡಲಿಲ್ಲ. ನಿಮ್ಮ ಆ ಗೆಳೆಯನ ಆಯ್ಕೆಯಲ್ಲಿ ತಪ್ಪು ಹುಡುಕಲು ನನಗೆ ಕಷ್ಟ. ಕನಸಿನ ದೃಶ್ಯಗಳು ಅಲ್ಲಲ್ಲಿ ಎಳೆದಾಡುತ್ತವೆ ಅನ್ನಬಹುದು, ಅಷ್ಟೇ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರನ್ನು ಇಲ್ಲಿ ತೂರಿಸುತ್ತೇನೆ. 'ದಿ ಶೀಲ್ಡ್', 2002ರಿಂದ 2008. ಲಾಸ್ ಏಂಜಲೀಸ್‌ನ ಪೊಲೀಸ್ ಅಧಿಕಾರಿ ವಿಕ್ ಮ್ಯಾಕಿ ಮೊದಲ ಕಂತಿನ ಕೊನೆಗೆ ತನ್ನದೇ ತಂಡದ ಪೊಲೀಸನಿಗೆ ಗುಂಡು ಹೊಡೆಯುತ್ತಾನೆ. ಏಳು ಸೀಸನ್ ಅದನ್ನು ಮುಚ್ಚಿಡುವುದರಲ್ಲೇ ಕಳೆಯುತ್ತದೆ. ಕೊನೆಗೆ ಕೇಸು ಹಾಕುವುದಿಲ್ಲ ಅನ್ನುವ ಒಪ್ಪಂದ ಕೈಗೆ ಬಂದ ಮೇಲೆ, ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಕೇಳಿಸಿಕೊಳ್ಳುವವಳ ಮುಖ ನೋಡಬೇಕು. ಅವನಿಗೆ ಜೈಲಿಲ್ಲ. ಬದಲಿಗೆ ಟೈ ಕಟ್ಟಿಕೊಂಡು ಒಂದು ಆಫೀಸಿನ ಮೇಜಿನ ಹಿಂದೆ ಕೂತು ವರದಿ ಟೈಪು ಮಾಡುವ ಕೆಲಸ. ಬೀದಿಯಲ್ಲಿ ಹುಲಿಯ ಹಾಗೆ ತಿರುಗಿದವನಿಗೆ ಟ್ಯೂಬ್‌ಲೈಟಿನ ಕೆಳಗೆ ಒಂದು ಕುರ್ಚಿ! ಮುಕ್ತಾಯಕ್ಕೆ ಮಾತ್ರ ಬಹುಮಾನ ಕೊಡುವುದಾದರೆ ನಾನು ಕಣ್ಣುಮುಚ್ಚಿ ಇದಕ್ಕೆ ಕೊಡುತ್ತೇನೆ. ನಡುವಿನ ಕಂತುಗಳು ಅಷ್ಟು ಸಮವಾಗಿಲ್ಲ, ಅದಕ್ಕೇ ಇಡೀ ಪಂದ್ಯ ಗೆಲ್ಲುವುದಿಲ್ಲ.

ಈಗ 'ವೈರ್'. ಇದನ್ನು ಬರೆದವರ ಹಿನ್ನೆಲೆ ಗೊತ್ತಾದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಡೇವಿಡ್ ಸೈಮನ್ ಬಾಲ್ಟಿಮೋರ್ ನಗರದ ಪತ್ರಿಕೆಯಲ್ಲಿ ಅಪರಾಧ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಅದೇ ನಗರದ ಪೊಲೀಸ್ ಪತ್ತೇದಾರ, ನಿವೃತ್ತಿಯಾದ ಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಮೊದಲ ಸೀಸನ್ನಿನಲ್ಲಿ ಪೊಲೀಸರು ಮತ್ತು ಡ್ರಗ್ಸ್ ಮಾರುವ ಹುಡುಗರು, ಎರಡರಲ್ಲಿ ಬಂದರಿನ ಕಾರ್ಮಿಕರು, ಮೂರರಲ್ಲಿ ರಾಜಕಾರಣಿಗಳು, ನಾಲ್ಕರಲ್ಲಿ ಶಾಲೆ, ಐದರಲ್ಲಿ ಪತ್ರಿಕೆ. ಊರು ಒಂದೇ, ನೋಡುವ ಕಿಟಕಿ ಬೇರೆ ಬೇರೆ.

ನಿಮಗೆ ಬೇಜಾರು ಬರಿಸಿದ ನಿಧಾನ ಇದೆಯಲ್ಲ, ಅದಕ್ಕೊಂದು ಕಾರಣ ಇದೆ. ಬೇರೆ ಸರಣಿಗಳಲ್ಲಿ ಫೋನ್ ಕದ್ದು ಕೇಳುವುದು ಒಂದು ಬಟನ್ ಒತ್ತಿದಷ್ಟು ಸುಲಭ. ಇಲ್ಲಿ ಹಾಗಿಲ್ಲ. ಬೇರೆ ದಾರಿಗಳನ್ನೆಲ್ಲ ಪ್ರಯತ್ನಿಸಿ ಸೋತಿದ್ದೇವೆ ಅಂತ ಜಡ್ಜ್‌ಗೆ ಮನವರಿಕೆ ಮಾಡಬೇಕು. ಬೀದಿಬದಿಯ ಫೋನಾದರೆ, ಆರೋಪಿಯೇ ಅದನ್ನು ಎತ್ತಿದ ಅಂತ ಯಾರಾದರೂ ಕಣ್ಣಾರೆ ನೋಡಿರಬೇಕು. ಹಾಗಾಗಿ ಒಬ್ಬ ಪೊಲೀಸ್ ದಿನವಿಡೀ ಮಹಡಿಯ ಮೇಲೆ ಕೂತಿರುತ್ತಾನೆ. ಕೇಸಿಗೆ ಸಂಬಂಧವಿಲ್ಲದ ಮಾತು ಬಂದರೆ ಕೇಳುವುದನ್ನು ನಿಲ್ಲಿಸಬೇಕು. ಆ ಕಡೆ ಹುಡುಗರೂ ದಡ್ಡರಲ್ಲ. ಪೇಜರಿನಲ್ಲಿ ಕಳಿಸುವ ನಂಬರನ್ನು ಫೋನಿನ 5ನೇ ಬಟನ್ ದಾಟಿ ಎದುರಿನ ಅಂಕಿಗೆ ಬದಲಿಸಿರುತ್ತಾರೆ. ಹೆಸರಿಗೆ ತಕ್ಕ 'ವೈರ್' ಕೆಲಸ ಶುರುವಾಗುವುದೇ ಆರನೇ ಕಂತಿನ ಹೊತ್ತಿಗೆ. ನೀವು ಮೂರಕ್ಕೇ ಎದ್ದು ಹೋದಿರಿ! ನಾನೂ ಮೊದಲ ಸಲ ಮೂರನೆಯದರ ನಡುವೆ ನಿದ್ದೆ ಹೋಗಿದ್ದೆ, ನಾಚಿಕೆ ಬೇಡ.

ಹಾಗೆ ನಿದ್ದೆ ಹೋಗಿ ನಾನು ತಪ್ಪಿಸಿಕೊಂಡಿದ್ದು ಇಡೀ ಸರಣಿಯ ಜಾತಕ ಬರೆದ ದೃಶ್ಯವನ್ನು. ಡಿಯಾಂಜೆಲೊ ಅನ್ನುವವನು ಬೋಡಿ, ವಾಲೇಸ್ ಎಂಬ ಇಬ್ಬರು ಚಿಕ್ಕ ಹುಡುಗರಿಗೆ ಚೆಸ್ ಹೇಳಿಕೊಡುತ್ತಾನೆ. ಕಾಲಾಳುಗಳು ಬೇಗ ಸಾಯುತ್ತವೆ, ರಾಜ ಮಾತ್ರ ರಾಜನಾಗಿಯೇ ಇರುತ್ತಾನೆ. ಕಾಲಾಳು ಆ ತುದಿ ಮುಟ್ಟಿದರೆ ರಾಣಿ ಆಗಬಹುದಲ್ವಾ ಅಂತ ಬೋಡಿ ಕೇಳುತ್ತಾನೆ. ಆಗ ಅದು ಸುಮ್ನೆ ಆಟದ ಮಾತಿನ ಹಾಗೆ ಕೇಳಿಸುತ್ತದೆ. ಆ ಮೂವರಲ್ಲಿ ಒಬ್ಬನೂ ಸರಣಿಯ ಕೊನೆಯವರೆಗೆ ಬದುಕುವುದಿಲ್ಲ.

ಸರಿ, ಇಲ್ಲಿ ಕಳ್ಳ ಸಿಕ್ಕ ಮೇಲೆ ಏನು? ಸಿಗುತ್ತಾರೆ, ಐದು ಸೀಸನ್ನಿನಲ್ಲಿ ಎಷ್ಟೋ ಜನ ಸಿಗುತ್ತಾರೆ. ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಡ್ರಗ್ಸ್ ಗುಂಪಿನ ನಾಯಕ ಏವನ್ ಬಾರ್ಕ್ಸ್‌ಡೇಲ್ ಜೈಲಿಗೆ ಹೋದರೆ ಮಾರ್ಲೋ ಬರುತ್ತಾನೆ, ಮೊದಲಿನವನಿಗಿಂತ ತಣ್ಣನೆಯವನು. ನಾಲ್ಕನೇ ಸೀಸನ್ನಿನಲ್ಲಿ ನಾಲ್ವರು ಶಾಲೆ ಹುಡುಗರು ಬರುತ್ತಾರೆ. ಅವರಲ್ಲಿ ಮೈಕೆಲ್ ಕೊನೆಗೆ ಬಂದೂಕು ಹಿಡಿದು ಡ್ರಗ್ಸ್‌ನವರನ್ನೇ ದೋಚುವ ಹೊಸ ಒಮರ್ ಆಗುತ್ತಾನೆ. ಡ್ಯೂಕಿ ನಶೆಗೆ ಬೀಳುತ್ತಾನೆ, ಹಳೆಯ ನಶೆಗಾರ ಬಬಲ್ಸ್ ಬಿಟ್ಟುಹೋದ ಜಾಗಕ್ಕೆ. ಪಾತ್ರಗಳು ಖಾಲಿಯಾಗುತ್ತವೆ, ಖಾಲಿ ಜಾಗ ಮಾತ್ರ ಉಳಿಯುವುದಿಲ್ಲ. ಎಲ್ಲರೂ ಹೆದರುತ್ತಿದ್ದ ಮೂಲ ಒಮರ್ ಒಂದು ಅಂಗಡಿಯಲ್ಲಿ ಸಿಗರೇಟು ಕೊಳ್ಳುವಾಗ ಒಬ್ಬ ಪುಟ್ಟ ಹುಡುಗನ ಗುಂಡಿಗೆ ಸಾಯುತ್ತಾನೆ. ಪತ್ರಿಕೆಯಲ್ಲಿ ಆ ಸುದ್ದಿಗೆ ನಾಲ್ಕು ಸಾಲಿನ ಜಾಗವೂ ಸಿಗುವುದಿಲ್ಲ. ಶವಾಗಾರದಲ್ಲಿ ಹೆಸರಿನ ಚೀಟಿ ಬೇರೆ ಹೆಣದ ಮೇಲಿರುತ್ತದೆ.

ಕ್ರೈಂ ಕಥೆ ಕೊಟ್ಟ ಮಾತೇ ಸುಳ್ಳು ಅಂತ ಇಷ್ಟು ತಾಳ್ಮೆಯಿಂದ ತೋರಿಸಿದ ಸರಣಿ ಇದೊಂದೇ. 'ಸೊಪ್ರಾನೋಸ್' ಮಾತು ಉಳಿಸಿಕೊಳ್ಳುವುದಿಲ್ಲ ಅಂತ ಎದ್ದು ಹೋಗುತ್ತದೆ. 'ವೈರ್' ಕೂತು ಲೆಕ್ಕ ಬಿಡಿಸಿ ತೋರಿಸುತ್ತದೆ. ಪೊಲೀಸ್ ಮೇಲಧಿಕಾರಿಗೆ ಅಪರಾಧದ ಅಂಕಿ ಇಳಿಯಬೇಕು, ಶಾಲೆಗೆ ಪರೀಕ್ಷೆಯ ಅಂಕ ಏರಬೇಕು. ಪೊಲೀಸ್ ಕೆಲಸ ಬಿಟ್ಟು ಮೇಷ್ಟ್ರಾದ ಪ್ರೆಜ್‌ಗೆ ಎರಡೂ ಒಂದೇ ಆಟ ಅಂತ ಶಾಲೆಯ ಒಂದು ಮೀಟಿಂಗಿನಲ್ಲಿ ಹೊಳೆಯುತ್ತದೆ. ಹೀಗೆಂದರೆ ಭಾಷಣದ ಹಾಗೆ ಕೇಳಿಸಬಹುದು, ಆದರೆ ಸರಣಿ ತುಂಬಾ ನಗಿಸುತ್ತದೆ ಕೂಡ. ಕಾಲೇಜಿಗೆ ಹೋಗಿ ಅರ್ಥಶಾಸ್ತ್ರ ಕಲಿಯುವ ಸ್ಟ್ರಿಂಗರ್ ಬೆಲ್ ಡ್ರಗ್ಸ್ ಗುಂಪಿನ ಸಭೆಯನ್ನು ನಿಯಮದ ಪ್ರಕಾರ ನಡೆಸುತ್ತಾನೆ. ಒಬ್ಬ ಹುಡುಗ ಶ್ರದ್ಧೆಯಿಂದ ನಡಾವಳಿ ಬರೆದುಕೊಳ್ಳುತ್ತಾನೆ. ನಾವು ಮಾಡುತ್ತಿರುವ ಅಪರಾಧಕ್ಕೆ ನೀನು ನೋಟ್ಸ್ ಬರೀತಿದ್ದೀಯಾ ಅಂತ ಸ್ಟ್ರಿಂಗರ್ ಹಾಳೆ ಕಿತ್ತುಕೊಳ್ಳುತ್ತಾನೆ.

ನಿಜ ಜೀವನದ್ದೊಂದು ಸಂಗತಿ ಕೇಳಿ. ಮೆಲ್ವಿನ್ ವಿಲಿಯಮ್ಸ್ ಅಂತ ಬಾಲ್ಟಿಮೋರ್‌ನ ದೊಡ್ಡ ಡ್ರಗ್ಸ್ ವ್ಯಾಪಾರಿ ಇದ್ದ. 1984ರಲ್ಲಿ ಅವನನ್ನು ಹಿಡಿದ ತನಿಖೆಯಲ್ಲಿ ಎಡ್ ಬರ್ನ್ಸ್ ಇದ್ದರು. ಆ ಬಂಧನದ ಸುದ್ದಿ ಬರೆದವರು ಸೈಮನ್. ವರ್ಷಗಳಾದ ಮೇಲೆ ಇಬ್ಬರೂ ಸೇರಿ ಅದೇ ವಿಲಿಯಮ್ಸ್‌ಗೆ 'ವೈರ್'ನಲ್ಲಿ ಪಾತ್ರ ಕೊಟ್ಟರು, ಚರ್ಚಿನ ಹಿರಿಯನಾಗಿ, ಊರಿಗೆ ಬುದ್ಧಿ ಹೇಳುವವನಾಗಿ. ನನ್ನ ಪ್ರಶ್ನೆಗೆ ಇದಕ್ಕಿಂತ ವಿಚಿತ್ರವಾದ ಉತ್ತರ ಯಾವ ಕಥೆಗಾರನಿಗೂ ಹೊಳೆಯದು.

ಕುಂದು ಇಲ್ಲವಾ? ಇದೆ. ಐದನೇ ಸೀಸನ್ನಿನಲ್ಲಿ ಪತ್ತೇದಾರ ಮೆಕ್‌ನಲ್ಟಿ ಇಲ್ಲದ ಸರಣಿ ಕೊಲೆಗಾರನನ್ನು ಹುಟ್ಟಿಸುತ್ತಾನೆ. ಅಷ್ಟು ದಿನ ನೆಲದ ಮೇಲೆ ನಡೆದ ಸರಣಿ ಅಲ್ಲಿ ಸ್ವಲ್ಪ ಹಾರಿಬಿಡುತ್ತದೆ. ಪತ್ರಿಕೆಯ ಸಂಪಾದಕರನ್ನು ತೋರಿಸುವಾಗ ಸೈಮನ್‌ಗೆ ಹಳೆಯ ಸಿಟ್ಟು ಅಡ್ಡ ಬಂದಿದೆ ಅನ್ನಿಸುತ್ತದೆ. ಹೆಣ್ಣು ಪಾತ್ರಗಳ ವಿಷಯದಲ್ಲಂತೂ 'ಸೊಪ್ರಾನೋಸ್' ಎಷ್ಟೋ ಮೇಲು. ಟೋನಿಯ ಹೆಂಡತಿ ಕಾರ್ಮೆಲಾ, ಮೆಲ್ಫಿ, ಟೋನಿಯ ತಾಯಿ ಲಿವಿಯಾಗೆ ಸಾಟಿಯಾಗುವ ಹೆಂಗಸು 'ವೈರ್'ನಲ್ಲಿ ಇಲ್ಲ. ಆದರೂ ನನ್ನ ವೋಟು 'ವೈರ್'ಗೆ. ಎರಡನೇ ಸ್ಥಾನ 'ಸೊಪ್ರಾನೋಸ್'ಗೆ, ಕೂದಲೆಳೆ ಅಂತರದಲ್ಲಿ. ಕೆಲವು ದಿನ ಮೆಲ್ಫಿಯ ಆ 'ಇಲ್ಲ' ನೆನಪಾದಾಗ ಅದಲುಬದಲಾಗುವುದೂ ಉಂಟು.

ಅಮೆರಿಕದಿಂದ ಆಚೆಗೂ ಒಂದು ಕಣ್ಣು ಹಾಯಿಸಿ. 2007ರ ಡ್ಯಾನಿಷ್ ಸರಣಿ 'ದಿ ಕಿಲ್ಲಿಂಗ್' ಒಂದೇ ಕೊಲೆಗೆ 20 ಕಂತು ಕೊಟ್ಟಿತು, ಒಂದು ಕಂತಿಗೆ ಒಂದು ದಿನ. ಸತ್ತ ಹುಡುಗಿಯ ಮನೆಯವರನ್ನು ಕೊನೆಯವರೆಗೂ ಕೈಬಿಡಲಿಲ್ಲ. ಬ್ರಿಟನ್ನಿನ 'ಹ್ಯಾಪಿ ವ್ಯಾಲಿ' ಬರೀ 18 ಕಂತು. ಅದರ ಕೊನೆಯ ಮುಖಾಮುಖಿ ನಡೆಯುವುದು ಅಡುಗೆಮನೆಯ ಮೇಜಿನ ಹತ್ತಿರ, ಮಾತಿನಲ್ಲಿ. 'ಟ್ರೂ ಡಿಟೆಕ್ಟಿವ್' ಮೊದಲ ಸೀಸನ್ ಮಾತ್ರ ಸಾಕು. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಗೆದ್ದ 'ಡೆಲ್ಲಿ ಕ್ರೈಂ' ನೋಡಿದರೆ ಮುಖ್ಯವಾಗಿ ಶೆಫಾಲಿ ಶಾ ಕಣ್ಣಿನ ದಣಿವಿಗೋಸ್ಕರ ನೋಡಿ.

ಮೂರನೇ ಸಲ 'ವೈರ್' ಹಾಕುವುದಾದರೆ ಮತ್ತೆ ಮೊದಲಿಂದ ಬೇಡ. ಮೂರನೇ ಕಂತಿನ ಚೆಸ್ ದೃಶ್ಯದಿಂದ ಹಿಡಿಯಿರಿ. ಸಬ್‌ಟೈಟಲ್ ಇರಲಿ, ಆ ಬೀದಿಯ ಇಂಗ್ಲಿಷ್ ಎಷ್ಟೋ ಇಂಗ್ಲಿಷಿನವರಿಗೂ ಅರ್ಥವಾಗುವುದಿಲ್ಲ. ಹೆಸರು ನೆನಪಿಟ್ಟುಕೊಳ್ಳಲು ಒದ್ದಾಡಬೇಡಿ, ಯಾರು ಯಾರಿಗೆ ಹೆದರುತ್ತಾರೆ ಅಂತ ಗಮನಿಸಿದರೆ ಸಾಕು. ನಾಲ್ಕನೇ ಕಂತಿನಲ್ಲಿ ಇಬ್ಬರು ಪತ್ತೇದಾರರು ಒಂದು ಖಾಲಿ ಅಡುಗೆಮನೆಯಲ್ಲಿ ಹಳೆಯ ಕೊಲೆಯೊಂದನ್ನು ಬಿಡಿಸುತ್ತಾರೆ. ಐದು ನಿಮಿಷ ಅವರ ಬಾಯಲ್ಲಿ ಬರುವುದು ಒಂದೇ ಬೈಗುಳ, ಬೇರೆ ಬೇರೆ ರಾಗದಲ್ಲಿ. ಅದನ್ನು ಮನೆಯ ಹಿರಿಯರ ಜೊತೆ ಕೂತು ನೋಡಬೇಡಿ. ಎರಡನೇ ಸೀಸನ್ ಶುರುವಾದಾಗ ಬಂದರು, ಕಂಟೇನರು, ಗುರುತಿಲ್ಲದ ಮುಖಗಳು ಕಾಣುತ್ತವೆ. ತಪ್ಪು ಸರಣಿ ಹಾಕಿಬಿಟ್ಟೆನಾ ಅನ್ನಿಸುತ್ತದೆ. ತಪ್ಪಾಗಿಲ್ಲ, ನೋಡ್ತಾ ಇರಿ.